ಅಚ್ಚಿಗೆ ಮೊದಲು ಪುಟ ತೋರಿಸಿ ಎಂದು ಅಧಿಕಾರಿ ಫೋನಿನಲ್ಲಿ ಹೇಳಿದರೆ ಸಣ್ಣ ಪತ್ರಿಕೆಯ ಸಂಪಾದಕ ಏನು ಮಾಡಬೇಕು?

ಕೆಲವು ದಿನ ಒಪ್ಪಿಕೊಂಡು ಪತ್ರಿಕೆ ಉಳಿಸಿಕೊಳ್ಳಲೇ, ಎದುರಿಸಿ ಕಳೆದುಕೊಳ್ಳಲೇ ಎಂದು ಕೇಳಿದ್ದೀರಿ. 1975ರಲ್ಲಿ ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದ ನಾನೂ ಇದೇ ಲೆಕ್ಕ ಹಾಕಿದ್ದೆ. ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮರುದಿನ ವಾಜಪೇಯಿ, ಅಡ್ವಾಣಿ ಅವರನ್ನು ನಮ್ಮೂರಿನಲ್ಲೇ ಬಂಧಿಸಿದರು. ಜೈಲಿನ ಬಾಗಿಲಲ್ಲಿ ಕಾಯುತ್ತಿದ್ದ ಬಂಧಿತರ ಮನೆಯವರ ಕುರಿತು ನಾವೊಂದು ವರದಿ ಸಿದ್ಧಪಡಿಸಿದ್ದೆವು. ಅಧಿಕಾರಿಯೊಬ್ಬರು ಫೋನು ಮಾಡಿ, ಅದು ಬೇಡ ಎಂದರು. ನಾನು ಜೋಡಿಸಿದ್ದ ಅಚ್ಚುಮೊಳೆಗಳನ್ನು ಬಿಚ್ಚಿಸಿ, ಆ ಜಾಗದಲ್ಲಿ ಮಳೆಯ ಸುದ್ದಿ ತುಂಬಿಸಿದೆ.

ವರದಿ ತೆಗೆದದ್ದಕ್ಕಿಂತ ದೊಡ್ಡ ತಪ್ಪೆಂದರೆ, ಲಿಖಿತ ಆದೇಶ ಕೊಡಿ ಎಂದು ನಾನು ಕೇಳಲಿಲ್ಲ. ಕರೆ ಮಾಡಿದವರ ಹುದ್ದೆ, ಹೊತ್ತು, ಹೇಳಿದ ಮಾತು ಯಾವುದನ್ನೂ ಬರೆದಿಡಲಿಲ್ಲ. ಸಂಪಾದಕರಿಗೂ ಮರುದಿನವಷ್ಟೇ ತಿಳಿಸಿದೆ. ಒಮ್ಮೆ ಬಾಯಿಮಾತಿಗೆ ಬಗ್ಗಿದ್ದರಿಂದ ಪ್ರತಿ ಸಂಚಿಕೆಗೂ ಫೋನು ಬರತೊಡಗಿತು; ಕೊನೆಗೆ ಫೋನೂ ಬೇಕಾಗಲಿಲ್ಲ, ನಾನೇ ಮುಂಚಿತವಾಗಿ ಕತ್ತರಿಸುತ್ತಿದ್ದೆ. ಸಂಪಾದಕರು ಹೈಕೋರ್ಟಿಗೆ ಹೋಗಲು ಹೊರಟಾಗ ವಕೀಲರು ಕೇಳಿದ್ದು ಒಂದೇ: ಪ್ರಶ್ನಿಸಬೇಕಾದ ಆದೇಶ ಎಲ್ಲಿದೆ? ಕಾಗದದ ಮೇಲೆ ನೋಡಿದರೆ ನಾವು ಸ್ವಇಚ್ಛೆಯಿಂದ ವರದಿ ಕೈಬಿಟ್ಟವರಾಗಿದ್ದೆವು. ಓದುಗರೂ ದೂರವಾದರು, ಪತ್ರಿಕೆಯೂ ನಿಂತಿತು.

ಅದೇ ಅವಧಿಯಲ್ಲಿ ಮುಂಬಯಿಯ ‘ಫ್ರೀಡಂ ಫಸ್ಟ್’ ಮಾಸಿಕದ ಹನ್ನೊಂದು ಬರಹಗಳಿಗೆ ಸೆನ್ಸಾರ್ ಅಧಿಕಾರಿ ಅನುಮತಿ ನಿರಾಕರಿಸಿದಾಗ ಅದರ ಸಂಪಾದಕ ಮೀನೂ ಮಸಾನಿ ಅವರು ಆ ನಿರಾಕರಣೆಯನ್ನೇ ಹಿಡಿದು ನ್ಯಾಯಾಲಯಕ್ಕೆ ಹೋದರು. 1976ರ ಫೆಬ್ರುವರಿಯಲ್ಲಿ, ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿರುವಾಗಲೇ, ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಅವರ ಪರವಾಗಿ ನಿಂತಿತು. ಈ ತೀರ್ಪನ್ನು ನೆನೆದಾಗಲೆಲ್ಲ ನನಗೆ ಇಂದಿಗೂ ಸಂಕಟವಾಗುತ್ತದೆ.

ಆದ್ದರಿಂದ ಒಪ್ಪುವುದು ಅಥವಾ ಮುಚ್ಚುವುದು ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಬಗ್ಗಿ ಉಳಿದ ಪತ್ರಿಕೆಯನ್ನು ಉಳಿದದ್ದೆಂದು ಎಣಿಸಬೇಡಿ. ಪ್ರಕಟಣೆಗೆ ಮೊದಲೇ ಪತ್ರಿಕೆಯನ್ನು ಪರಿಶೀಲನೆಗೆ ಒಪ್ಪಿಸಬೇಕೆಂಬ ಆದೇಶವನ್ನು ದೆಹಲಿಯ ‘ಆರ್ಗನೈಸರ್’ ವಾರಪತ್ರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1950ರಲ್ಲೇ ರದ್ದುಗೊಳಿಸಿದೆ. ಇಂದೇ ಆ ಅಧಿಕಾರಿಗೆ ಪತ್ರ ಬರೆಯಿರಿ: ಇಂಥ ದಿನ, ಇಷ್ಟು ಹೊತ್ತಿಗೆ ತಾವು ಹೀಗೆ ಸೂಚಿಸಿದಿರಿ, ಯಾವ ಕಾನೂನಿನ ಯಾವ ಕಲಮಿನಡಿ ಎಂಬುದನ್ನು ಲಿಖಿತವಾಗಿ ತಿಳಿಸಿ, ಅಲ್ಲಿಯವರೆಗೆ ಪುಟಗಳನ್ನು ತೋರಿಸಲಾಗದು ಎಂದು. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಒಂದು ಪ್ರತಿಯನ್ನು ಕಚೇರಿಯ ಬದಲು ನಿಮ್ಮ ವಕೀಲರ ಬಳಿ ಇರಿಸಿ.