ಮತ್ತೆ ಅದೇ 'ಹ್ಯಾಟ್ಸ್ ಆಫ್' ಪ್ರಶ್ನೆ!

ಹಾಲಿವುಡ್ಡಿನ ಹಾಸ್ಯಜೋಡಿ ಲಾರೆಲ್–ಹಾರ್ಡಿಯ ಮೂಕಿ ಚಿತ್ರ 'ಹ್ಯಾಟ್ಸ್ ಆಫ್' (1927) ಕಳೆದುಹೋಗಿದೆ ಅಂತೀರಿ. ಇಡೀ ಸಿನಿಮಾ ಯೂಟ್ಯೂಬಿನಲ್ಲಿದೆ ಅಲ್ವಾ?

ಇಲ್ಲ. ಎಷ್ಟು ಸಲ ಹೇಳಲಿ? ನೀವು ನೋಡಿದ್ದು ಸ್ಟಿಲ್ ಫೋಟೊಗಳನ್ನು ಸಾಲಾಗಿ ಜೋಡಿಸಿ, ಹಿಂದೆ ಪಿಯಾನೊ ನುಡಿಸಿದ ವಿಡಿಯೊ ಇರಬೇಕು. ಮೆಟ್ಟಿಲ ಮೇಲೆ ಅವರು ಹೊರುತ್ತಿರುವುದೇ ಪಿಯಾನೊ ಆಗಿದ್ದರೆ ಅದು 1932ರ 'ದಿ ಮ್ಯೂಸಿಕ್ ಬಾಕ್ಸ್', ಅದೇ ಐಡಿಯಾ, ಲಾಸ್ ಏಂಜಲಿಸ್‌ನ ಅದೇ ಮೆಟ್ಟಿಲು, ಅದಕ್ಕೆ ಆಸ್ಕರ್ ಕೂಡ ಬಂತು. 'ಹ್ಯಾಟ್ಸ್ ಆಫ್'ನಲ್ಲಿ ಅವರು ಹೊರುವುದು ಬಟ್ಟೆ ಒಗೆಯುವ ಮಷೀನ್. ಅದನ್ನು ಹೊತ್ತಿದ್ದು, ಚಿತ್ರ ನಿಜವಾಗಿ ಓಡುತ್ತಿದ್ದರೆ ನನ್ನನ್ನು ನಡುರಾತ್ರಿಯಾದರೂ ಎಬ್ಬಿಸಿ.

ಯಾರೋ ಶ್ರೀಮಂತರು ಲಾಕರಿನಲ್ಲಿ ಬಚ್ಚಿಟ್ಟಿದ್ದಾರೆ ಅನ್ನುವ ಕಥೆ ಬೇರೆ! ಅಷ್ಟು ಬೆಲೆ ಯಾರೂ ಕೊಟ್ಟಿರಲಿಲ್ಲ ಸ್ವಾಮಿ. ಟಾಕಿ ಬಂದ ಮೇಲೆ ಮೂಕಿ ಚಿತ್ರಕ್ಕೆ ಕಾಸು ಹುಟ್ಟಲಿಲ್ಲ. ಓಡಿ ಸವೆದ ಪ್ರಿಂಟನ್ನು ಅದರಲ್ಲಿರುವ ಬೆಳ್ಳಿಗಾಗಿ ಕೊಡುತ್ತಿದ್ದರು. ಉಳಿದದ್ದು ಗೋದಾಮಿನಲ್ಲಿ ಕೊಳೆಯಿತು, ಇಲ್ಲವೇ ಸುಟ್ಟಿತು. 1937ರಲ್ಲಿ ನ್ಯೂಜೆರ್ಸಿಯಲ್ಲಿದ್ದ ಫಾಕ್ಸ್ ಸಿನಿಮಾ ಕಂಪನಿಯ ಗೋದಾಮು ಹೊತ್ತಿ ಉರಿದು ಅವರ ಮೂಕಿ ಚಿತ್ರಗಳು ರಾಶಿ ರಾಶಿ ಹೋದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿತು: ಅಲ್ಲಿನ ಸುಮಾರು 11,000 ಪೂರ್ಣ ಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲೇ ಪೂರ್ತಿಯಾಗಿ ಉಳಿದಿರುವುದು ಶೇ 14. ಅವರನ್ನು ಬೈಯುವ ಮುನ್ನ ನೆನಪಿರಲಿ, ನಮ್ಮ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ'ದ (1934) ಪ್ರಿಂಟೂ ಇಲ್ಲ.

ಹಾಗಂತ ಆಸೆ ಬಿಡಬೇಕಿಲ್ಲ. ಇದೇ ಜೋಡಿಯ 'ದಿ ಬ್ಯಾಟಲ್ ಆಫ್ ದಿ ಸೆಂಚುರಿ'ಯ ಎರಡನೇ ರೀಲು, ಅಂದರೆ ಮುಖಕ್ಕೆ ಪೈ ಎಂಬ ತಿಂಡಿ ಎಸೆಯುವ ಆ ಮಹಾಯುದ್ಧ, 2015ರಲ್ಲಿ ಒಬ್ಬ ಸಂಗ್ರಹಕಾರರ ಡಬ್ಬಗಳಲ್ಲಿ ಸಿಕ್ಕಿತು. ಚಾಪ್ಲಿನ್ ಇರುವ 'ಎ ಥೀಫ್ ಕ್ಯಾಚರ್' ಮಿಷಿಗನ್ನಿನ ಹಳೇ ಸಾಮಾನಿನ ಮಾರಾಟದಲ್ಲಿ ಸಿಕ್ಕಿತು. ಕೆನಡಾದ ಡಾಸನ್ ಸಿಟಿಯಲ್ಲಂತೂ ಹಳೇ ಈಜುಕೊಳಕ್ಕೆ ತುಂಬಿದ್ದ 500ಕ್ಕೂ ಜಾಸ್ತಿ ರೀಲು 1978ರಲ್ಲಿ ನೆಲ ಅಗೆದಾಗ ಬಂದವು. ಲಾಕರಂತೆ, ಲಾಕರು!

ಎಐ ಬಳಸಿ ಮತ್ತೆ ಮಾಡಬಹುದಲ್ಲ?

ಮಾಡಿ. ಅದು ನಿಮ್ಮ ಸಿನಿಮಾ ಆಗುತ್ತದೆ.

ಅಟ್ಟದಲ್ಲಿ ತಾತನ ಕಾಲದ ರೀಲು ಸಿಕ್ಕಿದೆ. ತುದಿ ಸುಟ್ಟು ನೋಡಿದರೆ ಯಾವ ಬಗೆಯ ಫಿಲ್ಮ್ ಎಂದು ತಿಳಿಯುತ್ತದೆ ಅಂತ ಒಬ್ಬರು ಹೇಳಿದರು.

ಆ 'ಒಬ್ಬರ' ಮಾತು ಇನ್ನು ಕೇಳಬೇಡಿ. ಅದು ನೈಟ್ರೇಟ್, ಅಂದರೆ ಥಟ್ಟನೆ ಹೊತ್ತಿಕೊಳ್ಳುವ ಹಳೇ ಬಗೆಯ ಫಿಲ್ಮ್ ಆಗಿದ್ದರೆ ಮನೆಯೇ ಹೋಗುತ್ತದೆ. ಉರಿಯಲು ಅದಕ್ಕೆ ಹೊರಗಿನ ಗಾಳಿ ಬೇಡ, ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ವಿನೆಗರ್ ವಾಸನೆ ಬಂದರೆ ಅಸಿಟೇಟ್, ಅಂದರೆ ಅಷ್ಟು ಸುಲಭವಾಗಿ ಹೊತ್ತಿಕೊಳ್ಳದ ಇನ್ನೊಂದು ಬಗೆಯ ಫಿಲ್ಮ್ ಇರಬೇಕು, ಆದರೂ ನಾನು ಮೂಗು ನಂಬುವವನಲ್ಲ. ಒಲೆ, ಬಿಸಿಲು, ಬೀಡಿ ಎಲ್ಲದರಿಂದ ದೂರ ಇಡಿ. ಪ್ರೊಜೆಕ್ಟರಿಗೆ ಹಾಕಲೇಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಇವತ್ತೇ ಬರೆಯಿರಿ.