ಓದುಗರ ಪ್ರಶ್ನೆ: ಹಳೆಯ ಕ್ಯಾಟಮರಾನ್ ಕೊಳ್ಳುವ ಮುನ್ನ

ಪ್ರಶ್ನೆ: ನಾವು ಮೂರು ಕುಟುಂಬದವರು ಸೇರಿ 11 ವರ್ಷ ಹಳೆಯ, 45 ಅಡಿಯ ಔಟ್ರೆಮರ್ ಕಂಪನಿಯ ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ಕೊಳ್ಳಬೇಕೆಂದಿದ್ದೇವೆ. ಜನರೇಟರ್, ಎ.ಸಿ., ವಾಷಿಂಗ್ ಮಷೀನ್ ಎಲ್ಲ ಇವೆಯಂತೆ. ಮಾಸ್ಟ್ (ಹಾಯಿಕಂಬ) ಹಿಡಿದಿರುವ ಉಕ್ಕಿನ ತಂತಿಗಳು ಮಾತ್ರ ಮೊದಲಿನವೇ. ಏನೇನು ನೋಡಬೇಕು?
– ಓದುಗರು, ಮೋಂಪೆಲಿಯೆ, ಫ್ರಾನ್ಸ್

ಉತ್ತರ: ನಿಮ್ಮ ಮನಸೆಳೆದ ಆ ಮೂರು ಸಾಮಾನುಗಳೇ ನಮಗೆ ಅನುಮಾನ ಹುಟ್ಟಿಸುತ್ತಿವೆ. ನಿಮ್ಮೂರಿನ ಪಕ್ಕದ ಲಾ ಗ್ರಾಂಡ್ ಮೋಟ್‌ನಲ್ಲೇ ತಯಾರಾಗುವ ಈ ದೋಣಿಗೆ ವೇಗ ಬರುವುದು ಸಪೂರ ಒಡಲುಗಳಿಂದ, ಹಗುರ ಮೈಯಿಂದ. ಸಪೂರ ಒಡಲು ಸ್ವಲ್ಪ ಭಾರ ಹೇರಿದರೂ ನೀರಿನಲ್ಲಿ ಬೇಗ ತಗ್ಗುತ್ತದೆ. ಆಮೇಲೆ ಎರಡು ಒಡಲುಗಳನ್ನು ಜೋಡಿಸುವ ನಡು ಅಟ್ಟದ ಅಡಿಗೆ ಅಲೆ ಧಡಧಡ ಬಡಿಯುತ್ತದೆ. ಟ್ಯಾಂಕುಗಳನ್ನು ತುಂಬಿಸಿ, ತೇಲುತ್ತಿರುವಾಗ ಹಿಂಬದಿ ಮೆಟ್ಟಿಲ ಹತ್ತಿರ ನೋಡಿ. ಪಾಚಿಯ ಗೆರೆ ತಳದ ಬಣ್ಣದ ಅಂಚನ್ನು ದಾಟಿ ಮೇಲೇರಿದ್ದರೆ ದೋಣಿ ಭಾರ ಹೊತ್ತೇ ಓಡಾಡಿದೆ.

ಆಮೇಲೆ ನೀರಿನಿಂದ ಮೇಲೆತ್ತಿಸಿ. ಡ್ಯಾಗರ್‌ಬೋರ್ಡ್ (ದೋಣಿ ಪಕ್ಕಕ್ಕೆ ಸರಿಯದಂತೆ ನೀರಿಗೆ ಇಳಿಬಿಡುವ ಹಲಗೆ) ಎರಡನ್ನೂ ಪೂರ್ತಿ ಇಳಿಸಿ, ತುದಿ ಹಿಡಿದು ಅಲ್ಲಾಡಿಸಿ. ಸ್ವಲ್ಪ ಸಡಿಲವಿರುವುದು ಸಹಜ. ಬೋರ್ಡ್ ಬಂಡೆಗೆ ತಾಗಿದ್ದರೆ ಪೆಟ್ಟು ಬೋರ್ಡಿಗಿಂತ ಅದು ಕೂರುವ ಗೂಡಿಗೆ ಹೆಚ್ಚು. ಗೂಡಿನ ಹಿಂಬದಿ ಒಡಲು ಸೇರುವ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕನ್ನು ಟಾರ್ಚ್ ಹಿಡಿದು ಹುಡುಕಿ. ಡೆಕ್ಕನ್ನು ಚಿಕ್ಕ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ‘ಟಕ್ ಟಕ್’ ಇದ್ದದ್ದು ‘ಡಬ್’ ಎಂದರೆ ಒಳತಿರುಳಿನ ಫೋಮ್‌ನಿಂದ ಹೊರಪದರ ಬಿಟ್ಟಿದೆ. ತೇವದ ಮೀಟರ್ ಕಾರ್ಬನ್ ನಾರು ಇರುವ ಕಡೆ ಸುಳ್ಳು ಹೇಳುತ್ತದೆ. ಕಾರ್ಬನ್ ವಿದ್ಯುತ್ ಹರಿಸುವುದರಿಂದ ಎಲ್ಲವೂ ಒದ್ದೆ ಎಂದೇ ತೋರಿಸುತ್ತದೆ.

ಸೇಲ್‌ಡ್ರೈವ್ (ಎಂಜಿನ್ ಬಲವನ್ನು ಒಡಲಿನ ತೂತಿನ ಮೂಲಕ ಪ್ರೊಪೆಲರ್‌ಗೆ ಮುಟ್ಟಿಸುವ ಗೇರ್ ಭಾಗ) ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಪ್ರೊಪೆಲರ್ ಶಾಫ್ಟಿನ ಸೀಲ್ ಸವೆದು ನೀರು ಸೇರಿದೆ ಎಂದು ತಿಳಿಯಿರಿ. ಇನ್ನೊಂದು, ಒಡಲಿನ ತೂತನ್ನು ಮುಚ್ಚುವ ರಬ್ಬರ್ ಡಯಾಫ್ರಾಮ್: ವೋಲ್ವೊ ಪೆಂಟಾದ್ದಾದರೆ 7 ವರ್ಷಕ್ಕೊಮ್ಮೆ ಬದಲಿಸಬೇಕು. ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ, ಎರಡೂ ಎಂಜಿನ್‌ಗೆ.

ಮಾಸ್ಟ್ ತಂತಿಗಳ ವಿಷಯದಲ್ಲಿ ಚೌಕಾಸಿ ಬೇಡ. ಗಾಳಿ ಜೋರಾದಾಗ ಒಂಟಿ ಒಡಲಿನ ದೋಣಿ ವಾಲಿ ಒತ್ತಡ ಕಳೆದುಕೊಳ್ಳುತ್ತದೆ. ಕ್ಯಾಟಮರಾನ್ ವಾಲುವುದಿಲ್ಲ, ಎಳೆತವೆಲ್ಲ ತಂತಿಯ ಮೇಲೆಯೇ. 10 ವರ್ಷ ದಾಟಿದರೆ ಅನೇಕ ವಿಮೆಯವರೂ ಬದಲಿಸಿ ಎನ್ನುತ್ತಾರೆ. ಆ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಿ. ವ್ಯಾಟ್ ಕಟ್ಟಿದ ಮೂಲ ರಸೀದಿ ಕೈಗೆ ಬರುವವರೆಗೆ ಮುಂಗಡ ಬೇಡ.

ಪ್ರಶ್ನೆ: ಕ್ಯಾಟಮರಾನ್ ಪದ ಕನ್ನಡದ್ದೇ?
– ಓದುಗರು, ಕುಂದಾಪುರ

ಉತ್ತರ: ತಮಿಳಿನ ‘ಕಟ್ಟುಮರಂ’. ಕಟ್ಟು, ಮರ ಎರಡೂ ನಮಗೆ ನಿಘಂಟು ಬೇಡದ ಮಾತುಗಳೇ. ಆದರೆ ಅದು ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ಮೀನುಗಾರರ ತೆಪ್ಪ; ಎರಡು ಒಡಲಿನ ದೋಣಿಗೆ ಆ ಹೆಸರು ಅಂಟಿಸಿದವರು ಇಂಗ್ಲಿಷಿನವರು.