ಪೆಂಗ್ವಿನ್‌ಗಳ ಜೊತೆಗಿನ ಆ ಕುಣಿತವನ್ನು ತೆಗೆದ ಬಗೆ

1964ರ ‘ಮೇರಿ ಪಾಪಿನ್ಸ್’ ಚಿತ್ರದಲ್ಲಿ ಡಿಕ್ ವ್ಯಾನ್ ಡೈಕ್ ಅವರು ಕಾರ್ಟೂನ್ ಪೆಂಗ್ವಿನ್‌ಗಳ ಜೊತೆ ಕುಣಿಯುವ ದೃಶ್ಯವನ್ನು ಕಂಪ್ಯೂಟರಿನ ನೆರವಿಲ್ಲದೆ ಹೇಗೆ ತೆಗೆದರು ಎಂದು ತಾವು ಕೇಳಿದ್ದೀರಿ. ಮೊದಲು ನಟರನ್ನು ಸಾಮಾನ್ಯ ಬೆಳಕಿನಲ್ಲಿ ನಿಲ್ಲಿಸಿ, ಅವರ ಹಿಂದಿನ ಬಿಳಿ ಪರದೆಗೆ ಮಾತ್ರ ಸೋಡಿಯಂ ದೀಪಗಳ ಹಳದಿ ಬೆಳಕು ಬೀಳುವಂತೆ ಮಾಡಿ ಚಿತ್ರೀಕರಿಸಿದರು. ಆ ಬೆಳಕಿನ ತರಂಗಾಂತರ ಸುಮಾರು 589 ನ್ಯಾನೊಮೀಟರ್; ಅತಿ ಕಿರಿದಾದ ಆ ಪಟ್ಟಿಯನ್ನು ಕ್ಯಾಮೆರಾದೊಳಗಿನ ವಿಶೇಷ ಪ್ರಿಸಂ ಬೇರ್ಪಡಿಸಿ ಇನ್ನೊಂದು ಫಿಲ್ಮಿಗೆ ಕಳಿಸುತ್ತಿದ್ದುದರಿಂದ, ಒಂದರಲ್ಲಿ ನಟರು ಸಹಜ ಬಣ್ಣದಲ್ಲಿಯೂ ಇನ್ನೊಂದರಲ್ಲಿ ಅವರ ಕಪ್ಪು ಆಕೃತಿ ಮಾತ್ರವೂ ಏಕಕಾಲಕ್ಕೆ ದಾಖಲಾಗುತ್ತಿದ್ದವು. ಈ ಆಕೃತಿಯನ್ನೇ ಅಚ್ಚಾಗಿ ಬಳಸಿ, ಆಮೇಲೆ ಕೈಯಿಂದ ಬಿಡಿಸಿದ ಹಿನ್ನೆಲೆಯನ್ನೂ ಪೆಂಗ್ವಿನ್‌ಗಳನ್ನೂ ಸೇರಿಸಿದರು. ನಟರ ಮುಂದೆ ಪೆಂಗ್ವಿನ್ ಇರಲೇ ಇಲ್ಲ ಎಂಬುದನ್ನು ನೆನೆದರೆ ಆ ಕುಣಿತದ ಮೇಲಿನ ಗೌರವ ಇನ್ನೂ ಹೆಚ್ಚುತ್ತದೆ.

ಚಿತ್ರದ ನಾಯಕಿ ಜೂಲಿ ಆಂಡ್ರೂಸ್ ಅವರ ಹ್ಯಾಟಿನ ತೆಳುವಾದ ಜಾಲರಿಯನ್ನು ದಯವಿಟ್ಟು ಗಮನಿಸಿ ನೋಡಿ: ಅದರ ಎಳೆಗಳ ನಡುವೆಯೂ ಹಿನ್ನೆಲೆ ಸ್ವಚ್ಛವಾಗಿ ಕಾಣುತ್ತದೆ, ಅಂಚಿನಲ್ಲಿ ನೀಲಿಯ ಕಲೆಯಿಲ್ಲ. ನಟರ ಹಿಂದೆ ನೀಲಿ ಪರದೆ ಇಟ್ಟು ಚಿತ್ರೀಕರಿಸಿ, ಆಮೇಲೆ ಆ ನೀಲಿಯ ಜಾಗದಲ್ಲಿ ಬೇರೆ ಹಿನ್ನೆಲೆ ಸೇರಿಸುವ ವಿಧಾನದಲ್ಲಿ ಇಷ್ಟು ನಯ ಆಗ ಕಷ್ಟಸಾಧ್ಯವಾಗಿತ್ತು. ಈ ಸೋಡಿಯಂ ಬೆಳಕಿನ ತಂತ್ರಕ್ಕಾಗಿ ಪೆಟ್ರೊ ವ್ಲಾಹೊಸ್, ಅಬ್ ಐವರ್ಕ್ಸ್ ಮತ್ತು ವಾಡ್ಸ್‌ವರ್ತ್ ಪೋಲ್ ಅವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಂದಿತು; ಚಿತ್ರಕ್ಕೆ ದೊರೆತ 5 ಆಸ್ಕರ್‌ಗಳಲ್ಲಿ ವಿಶೇಷ ದೃಶ್ಯ ಪರಿಣಾಮಗಳದ್ದೂ ಒಂದು.